ಹೆದರದ ನರಿ

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, "ಅಕ್ಕಾರ, ನಿಮ್ಮ ಅನುಭವ ಏನರ ಹೇಳ್ರಿ" ಎನ್ನುತ್ತಾರೆ. ಅವರಿಗೆ ಬೇಕಾದದ್ದು ಧೈರ್ಯದ ಮಾತು ಎಂದು ನನಗೆ ಗೊತ್ತು. ನನ್ನ ಹತ್ತಿರ ಆ ಮಾಲು ಮುಗಿದು ಬಹಳ ಕಾಲವಾಯಿತು. ಬಾದಾಮಿ, ಹುನಗುಂದ, ಕೊನೆಗೆ ಇಳಕಲ್ಲು ಎಂದು ನನ್ನ ನೌಕರಿಯ ಹೆಚ್ಚಿನ ಭಾಗ ಸರ್ಕಾರಿ ದವಾಖಾನೆಗಳ ಸೂಜಿ ಕೋಣೆಯಲ್ಲೇ ಕಳೆಯಿತು. ನಾಯಿ, ಮಂಗ, ಬೆಕ್ಕು, ನರಿ, ಯಾವುದು ಕಚ್ಚಿದರೂ ಆ ಮನುಷ್ಯ ನನ್ನ ಪಾಲಿಗೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬಿಡಿ, ಅದನ್ನು ಕಟ್ಟಿಕೊಂಡು ನಿಮಗೇನಾಗಬೇಕು. ನಾನು ಬರೆಯುವುದು ನರಿಯ ವಿಷಯ.

ನಮ್ಮ ಕಡೆ ಯಾರಿಗಾದರೂ ಇದ್ದಕ್ಕಿದ್ದಂತೆ ಒಳ್ಳೆಯದಾದರೆ "ಮುಂಜಾನೆ ನರಿ ಮುಖ ನೋಡಿ ಎದ್ದೀಯೇನ?" ಎಂದು ಕೇಳುವುದು ರೂಢಿ. ಕೇಳುವುದಷ್ಟೇ ಅಲ್ಲ, ಹಾಸಿಗೆಯ ಎದುರಿನ ಗೋಡೆಗೆ ನರಿಯ ಚಿತ್ರ ಅಂಟಿಸಿಕೊಂಡು ಮಲಗುವವರೂ ಇದ್ದಾರೆ. ಕಣ್ಣು ಬಿಟ್ಟ ಕೂಡಲೇ ಅದರ ಮುಖ ಕಾಣಬೇಕು. ನಾನೂ ಮದುವೆಗೆ ಮುಂಚೆ ತವರು ಮನೆಯಲ್ಲಿ ಅಂಥ ಚಿತ್ರದ ಕೆಳಗೇ ಮಲಗಿ ಎದ್ದವಳು. ಆಗ ಅದು ತಮಾಷೆಯಾಗಿತ್ತು. ಈಗ ಯಾರಾದರೂ ಆ ಮಾತು ಆಡಿದರೆ ನನಗೆ ಎದ್ದು ಹೋಗಬೇಕು ಎನಿಸುತ್ತದೆ.

ಬಾದಾಮಿಯಲ್ಲಿ ನಾನು ಕೆಲಸ ಕಲಿತದ್ದು ಶಾಂತಾಬಾಯಿಯವರ ಕೈಕೆಳಗೆ. ಗಿಡ್ಡನೆಯ ಹೆಂಗಸು, ನಕ್ಕದ್ದು ನಾನು ಕಂಡಿಲ್ಲ. ಆ ಕಾಲದಲ್ಲಿ ಹುಚ್ಚುನಾಯಿ ರೋಗಕ್ಕೆ ಸೂಜಿಯನ್ನು ಹೊಟ್ಟೆಗೆ ಚುಚ್ಚುತ್ತಿದ್ದರು, ಅದೂ ಒಂದಲ್ಲ ಎರಡಲ್ಲ. ಸಾಲಿನಲ್ಲಿ ನಿಂತ ಗಂಡಸರು ಒಳಗಿನವರ ನರಳಾಟ ಕೇಳಿಯೇ ಗೇಟು ದಾಟಿ ಹೋಗಿಬಿಡುತ್ತಿದ್ದರು. ಬಂದವರಾದರೂ ಗಾಯಕ್ಕೆ ಖಾರಪುಡಿ, ಸುಣ್ಣ, ಚಹಾಪುಡಿ, ಕೈಗೆ ಸಿಕ್ಕಿದ್ದೆಲ್ಲ ಮೆತ್ತಿಕೊಂಡು ಬರುತ್ತಿದ್ದರು. ಶಾಂತಾಬಾಯಿ ಅಂಗಳದ ನಳದ ಕಡೆ ಬೆರಳು ತೋರಿಸಿ, "ಮೊದಲ ನಳ, ಆಮ್ಯಾಲ ನಾನು" ಎನ್ನುತ್ತಿದ್ದರು. ಸೋಪು ಹಚ್ಚಿ, ಸುರಿಯುವ ನೀರಿನ ಕೆಳಗೆ ಗಾಯ ಹಿಡಿದು, ಬೇಸರ ಬಂದ ಮೇಲೂ ಇನ್ನಷ್ಟು ಹೊತ್ತು ತೊಳೆಯಬೇಕು. ಒಮ್ಮೆ ಇಸ್ತ್ರಿ ಮಾಡಿದ ಬಿಳಿ ಧೋತರದ ಹಿರಿಯರೊಬ್ಬರನ್ನು ಮರ್ಯಾದೆಗೆಂದು ನಾನು ನೇರ ಒಳಗೆ ಕರೆದೆ. ಶಾಂತಾಬಾಯಿ ಅವರನ್ನೂ ನನ್ನನ್ನೂ ಇಬ್ಬರನ್ನೂ ನಳಕ್ಕೆ ಕಳಿಸಿದರು. ಧೋತರ ತೊಯ್ದು ತೊಪ್ಪೆಯಾಯಿತು.

ನನ್ನ ಪಾಲಿಗೆ ಬಂದ ಮೊದಲ ನರಿ ಕಚ್ಚಿದ ಪ್ರಕರಣ ಐಹೊಳೆಯ ಒಬ್ಬ ರೈತನದು. ಸೇಂಗಾ ಹೊಲದಲ್ಲಿ ಬಲೆಗೆ ಸಿಕ್ಕಿದ್ದ ನರಿಯನ್ನು ಬಿಡಿಸಲು ಹೋಗಿ ಕೈಗೆ ಕಚ್ಚಿಸಿಕೊಂಡಿದ್ದ. ಹೊಸ ಡಾಕ್ಟರು ಅವಸರದಲ್ಲಿ ನಾಯಿ ಎಂದುಕೊಂಡು, ಸೂಜಿ ಕೊಡಿಸಿ, ನಾಯಿ ಕಚ್ಚಿದವರಿಗೆ ಹೇಳುವಂತೆ ಹೇಳಿದರು. ಕಚ್ಚಿದ್ದನ್ನು ಹತ್ತು ದಿನ ಕಟ್ಟಿ ಹಾಕಿ ನೋಡಿ, ಸಾಯುತ್ತದೋ ಬದುಕುತ್ತದೋ ತಿಳಿಸಿ ಎಂದು. ಮರುದಿನ ಆತ ಟೆಂಪೋದಿಂದ ಗೋಣಿಚೀಲ ಇಳಿಸಿ ದವಾಖಾನೆಯ ಬೇವಿನ ಗಿಡಕ್ಕೆ ಕಟ್ಟಿದ. ಚೀಲ ಅಲ್ಲಾಡುತ್ತಿತ್ತು.

"ಏನಪಾ ಇದು?" ಎಂದು ಶಾಂತಾಬಾಯಿ ಕೇಳಿದರು.

"ನರಿ ಐತ್ರಿ. ಹತ್ತು ದಿನಾ ನೋಡ್ರಿ ಅಂದಾರಲ್ರಿ ಸಾಹೇಬ್ರು. ನಮ್ಮ ಮನ್ಯಾಗ ಕೋಳಿ ಅದಾವ, ನೀವ ಇಟಗೊಂಡು ನೋಡ್ರಿ."

ನರಿ ಎಂಬ ಶಬ್ದ ಕೇಳಿದ್ದೇ ತಡ, ವಾರ್ಡಿನಲ್ಲಿ ಮಲಗಿದ್ದವರೆಲ್ಲ ಎದ್ದು ಬಂದರು. ಸಲೈನ್ ಬಾಟಲಿಯನ್ನು ತಾನೇ ಕೈಯಲ್ಲಿ ಎತ್ತಿ ಹಿಡಿದುಕೊಂಡು ಒಬ್ಬಾಕೆ ಬಂದಳು. ಯಾರೂ ಹೆದರಲಿಲ್ಲ, ಎಲ್ಲರಿಗೂ ಒಮ್ಮೆ ಮುಖ ನೋಡಬೇಕಿತ್ತು. ಯಾರೋ ಚೀಲದ ಬಾಯಿ ಸಡಿಲಿಸಿದರು. ನರಿ ಹೊರಬಿದ್ದು, ಅಷ್ಟು ಜನರನ್ನು ಕಂಡು ಗಾಬರಿಯಾಗಿ, ಎಲ್ಲರ ಕಾಲ ಸಂದಿನಿಂದ ನುಸುಳಿ, ಗೇಟು ದಾಟಿ ಚೊಳಚಗುಡ್ಡದ ರಸ್ತೆ ಹಿಡಿದು ಓಡಿತು. ನಾವೆಲ್ಲ ನಕ್ಕೆವು. ಶಾಂತಾಬಾಯಿ ಮಾತ್ರ ಅದು ಕಣ್ಮರೆಯಾಗುವವರೆಗೂ ನೋಡುತ್ತ ನಿಂತು, "ಓಡ್ತು, ಚಲೋ ಆತು. ಮನಷ್ಯಾರನ್ನ ಕಂಡು ಓಡೂ ನರೀಗೆ ನೀ ಅಂಜಬ್ಯಾಡ. ನಿಂತು ನೋಡೂ ನರೀಗೆ ಅಂಜು" ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು. ಆ ರೈತನಿಗೆ ಸೂಜಿಗಳೆಲ್ಲ ಮುಗಿದವು, ಬದುಕಿದ. ಸುಗ್ಗಿಗೆ ಒಂದು ಚೀಲ ಸೇಂಗಾ ಕಳಿಸಿದ.

ಹುನಗುಂದಕ್ಕೆ ಹೋಗುವ ಹೊತ್ತಿಗೆ ಸೂಜಿ ಹೊಟ್ಟೆಯಿಂದ ತೋಳಿಗೆ ಬಂದಿತ್ತು. ಐದೇ ಸಾಕು, ನೋವೂ ಕಡಿಮೆ. ಗಾಯದ ಸುತ್ತ ಹಾಕುವ ಬೇರೆ ಔಷಧವೂ ಬಂತು. ಇನ್ನು ಯಾರೂ ಓಡಿ ಹೋಗುವುದಿಲ್ಲ ಎಂದು ನಾನು ನಂಬಿದ್ದೆ. ಅಲ್ಲಿದ್ದ ಮೇಲಧಿಕಾರಿಯೊಬ್ಬರಿಗೆ ಜನರನ್ನು ತಿಳಿವಳಿಕೆಯಿಂದ ಗೆಲ್ಲಬೇಕೆಂಬ ಹುರುಪು. ಪೇಂಟರನನ್ನು ಕರೆಸಿ ಕಾಂಪೌಂಡಿನ ಗೋಡೆಯ ಮೇಲೆ ಹಲ್ಲು ಕಿರಿದ ದೊಡ್ಡ ನರಿಯನ್ನು ಬರೆಸಿದರು. ಕೆಳಗೆ ಕೆಂಪಕ್ಷರದಲ್ಲಿ "ಎಚ್ಚರ, ಕಾಡುಪ್ರಾಣಿ ಕಚ್ಚಿದರೆ ಕೂಡಲೇ ಚಿಕಿತ್ಸೆ ಪಡೆಯಿರಿ" ಎಂದಿತ್ತು. ಪೇಂಟರ್ ಕಲೆಗಾರ, ನರಿಯ ಕಣ್ಣು ಜೀವಂತವಾಗಿ ಬಂದಿತ್ತು. ವಾರ ಕಳೆಯುವುದರೊಳಗೆ ಜನ ಬೆಳಗಾಗೆದ್ದು ಆ ಗೋಡೆಯ ಮುಂದೆ ಬರತೊಡಗಿದರು. ಪರೀಕ್ಷೆಗೆ ಹೋಗುವ ಹುಡುಗಿಯರು, ಸಂತೆಗೆ ಎತ್ತು ಹೊಡೆದುಕೊಂಡು ಹೊರಟವರು, ಕೋರ್ಟಿಗೆ ಹೊರಟವರು ಎಲ್ಲ ಬಂದು ಮುಖ ನೋಡಿಕೊಂಡು ಹೋದರು. ಒಂದು ದಿನ ನರಿಯ ಹಣೆಗೆ ಕುಂಕುಮ ಬಿತ್ತು. ಅಧಿಕಾರಿ ಸುಣ್ಣ ಬಳಿಸಿದರು. ಹುರುಪು ಅಲ್ಲಿಗೇ ಮುಗಿಯಿತು, ಆಮೇಲೆ ಅವರು ಯಾವ ಗೋಡೆಯನ್ನೂ ಮುಟ್ಟಲಿಲ್ಲ. ಆಗ ನಾನು ಅವರನ್ನು ನೋಡಿ ಒಳಗೊಳಗೇ ನಕ್ಕಿದ್ದೆ.

ಇಳಕಲ್ಲಿಗೆ ಬಂದಾಗ ನರಿಗಳೂ ಊರೊಳಗೆ ಬಂದಿದ್ದವು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಊರ ಸುತ್ತ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಿವೆ. ಜಾಲಿ ಕಂಟಿ ಬೆಳೆದು, ಮಳೆನೀರು ನಿಂತು, ನರಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಕೋಳಿ ಅಂಗಡಿಯ ಕರುಳು, ಪುಕ್ಕ, ಖಾನಾವಳಿಯ ಎಂಜಲು ಎಲ್ಲ ಚೀಲದಲ್ಲಿ ತುಂಬಿ ಅದೇ ಕ್ವಾರಿಗಳ ಅಂಚಿಗೆ ಎಸೆಯುತ್ತಾರೆ. ನಾವೇ ಊಟ ಬಡಿಸಿ ಕರೆದೆವು, ಅವು ಬಂದವು. ನ್ಯಾಯವಾಗಿ ಒಂದು ಮಾತು ಹೇಳಬೇಕು. ನನ್ನ ಕೋಣೆಗೆ ಬಂದವರಲ್ಲಿ ನರಿ ಕಚ್ಚಿದವರು ಬೆರಳೆಣಿಕೆಯಷ್ಟು, ಉಳಿದವರೆಲ್ಲ ನಾಯಿ ಕಚ್ಚಿದವರೇ. ಆರೋಗ್ಯವಾಗಿರುವ ನರಿ ಮನುಷ್ಯನ ನೆರಳು ಕಂಡರೂ ಕಂಟಿ ಸೇರುತ್ತದೆ. ಅದನ್ನು ಕಲ್ಲು ಹೊಡೆದು ಕೊಲ್ಲುವವರನ್ನು ಕಂಡರೂ ನನಗೆ ಸಿಟ್ಟೇ ಬರುತ್ತದೆ.

ಕ್ವಾರಿಯ ಅಂಚಿಗೆ ನೇಕಾರರ ಒಂದು ಓಣಿ. ಅಲ್ಲಿ ಸಂಗಪ್ಪ ಎಂಬ ನೇಕಾರ, ಅವನ ಹೆಂಡತಿ ಗಿರಿಜವ್ವ. ನಾನು ಉಡುತ್ತಿದ್ದ ಸೀರೆಗಳು ಅವನ ಮಗ್ಗದವೇ ಆದ್ದರಿಂದ ಮೊದಲಿನಿಂದಲೂ ಪರಿಚಯ. ಅವನದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು, ಕೂತರೆ ಚಟ್ಟನೆ ಎದ್ದು ಬರಲು ಆಗುವುದಿಲ್ಲ. ಒಂದು ಮುಂಜಾನೆ ಅದೇ ಓಣಿಯ ಮೂವರು ಒಟ್ಟಿಗೇ ನನ್ನ ಕೋಣೆಗೆ ಬಂದರು. ಕಾಯಿಪಲ್ಲೆ ಮಾರುವವಳಿಗೆ ಮೊಣಕೈಗೆ, ಕಲ್ಲು ಪಾಲಿಶ್ ಮಾಡುವ ಇಬ್ಬರಿಗೆ ಕಾಲಿಗೆ ಬಾಯಿ ಹಾಕಿತ್ತು. ಬೆಳಕು ಹರಿದ ಮೇಲೆ ನರಿ ನಡು ಓಣಿಯಲ್ಲಿ ತೂರಾಡುತ್ತ ನಡೆದು ಬಂತಂತೆ, ಕೂಗಿದರೂ ಓಡಲಿಲ್ಲವಂತೆ. ನಳದ ಕೆಳಗೆ ಮೊಣಕೈ ಹಿಡಿದುಕೊಂಡೇ ಕಾಯಿಪಲ್ಲೆಯವಳು, "ಸಂಗಪ್ಪನ ಮನಿಯೊಳಗೂ ಹೊಕ್ಕಿತ್ರಿ. ಕುಣಿಯಿಂದ ಏಳೂದರಾಗ ಅವನ ಕಾಲು ಹಿಡದಿತ್ತಂತ. ಅವ ಬರಾಂಗಿಲ್ಲ ಅಂದಾನ" ಎಂದಳು.

ಮಧ್ಯಾಹ್ನ ಸಾಲು ಮುಗಿದ ಕೂಡಲೇ ನಾನು ಓಣಿಗೆ ಹೋದೆ. ಸಂಗಪ್ಪನ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿತ್ತು. ನೆರೆಯ ಹೆಂಗಸರು ಬಂದು ನರಿ ನಿಂತ ಜಾಗವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋಗುತ್ತಿದ್ದರು. ಸಂಗಪ್ಪ ಕುಣಿಯಲ್ಲಿ ಕೂತು ಲಾಳಿ ಆಡಿಸುತ್ತಿದ್ದ. ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಇತ್ತು.

"ಸಂಗಪ್ಪಣ್ಣಾ, ಕಾಲು ತೋರಸ್ರಿ."

"ಏನೂ ಆಗಿಲ್ರಿ ಅಕ್ಕಾರ. ಹಲ್ಲು ತಾಗ್ಯಾವ ಅಷ್ಟ."

"ಹಲ್ಲು ತಾಗಿದ್ರ ಅದನ್ನ ಕಚ್ಚೂದು ಅಂತಾರ. ಮ್ಯಾಲ ಬರ್ರಿ."

ಬಂದ. ಹಿಮ್ಮಡಿಯ ಮೇಲೆ ಎರಡು ಸಣ್ಣ ತೂತು, ರಕ್ತ ಒಣಗಿತ್ತು. ಗಿರಿಜವ್ವನಿಂದ ಸೋಪು ಇಸಿದುಕೊಂಡು, ಬಚ್ಚಲಲ್ಲಿ ಕೂರಿಸಿ ನಾನೇ ಅವನ ಕಾಲು ತೊಳೆದೆ. ಅವನಿಗೆ ಸಂಕೋಚ, ಹಿರಿಯಳ ಕೈಯಿಂದ ಕಾಲು ತೊಳೆಸಿಕೊಳ್ಳುವುದೇ ಎಂದು. ತೊಳೆಯಲು ಹೇಗೋ ಒಪ್ಪಿದ, ಸೂಜಿಯ ಮಾತು ಎತ್ತಿದರೆ ತಲೆ ಅಲ್ಲಾಡಿಸಿದ.

"ಅದು ಅಂಜಲಿಲ್ರಿ ಅಕ್ಕಾರ. ನನ್ನ ಮಾರೀನ ನೋಡ್ಕೋತ ನಿಂತಿತ್ತು. ಅಂಜದ ನರಿ ಎಲ್ಲಾರ ಮನೀಗೆ ಬರಾಂಗಿಲ್ಲ. ಲಕ್ಷ್ಮಿ ಬಂದು ಕಾಲು ಮುಟ್ಟಿ ಹೋಗ್ಯಾಳ. ಅದಕ್ಕ ಔಷಧ ತಗೊಂಡ್ರ ಆಕಿ ಹೊಳ್ಳಿ ಬರ್ತಾಳೇನ್ರಿ?"

"ಅಂಜದ ನರಿ ಅಂದ್ರ ರೋಗದ ನರಿ, ಅಣ್ಣಾ. ರೋಗ ತಲೀಗೆ ಏರಿದಾಗ ಅದಕ್ಕ ಅಂಜಿಕಿ ಹೋಗ್ತೈತಿ. ಅದು ನಿಮ್ಮನ್ನ ನೋಡಿಲ್ಲ, ಅದಕ್ಕ ಏನೂ ತಿಳೀತಿರಲಿಲ್ಲ."

ಗಿರಿಜವ್ವ ಬಾಗಿಲಲ್ಲಿ ನಿಂತು, "ಹಂಗ ಅನಬ್ಯಾಡ್ರಿ ಅಕ್ಕಾರ" ಎಂದಳು. ಗೋಡೆಯ ಮೇಲೆ ಬಸವಣ್ಣನ ಫೋಟೋ ಇತ್ತು, ಅದರ ಕೆಳಗೇ ನರಿಯ ಚಿತ್ರ. ಬಸವಣ್ಣನನ್ನು ಮೇಲಿಟ್ಟುಕೊಂಡು ನರಿಗೆ ಕೈಮುಗಿಯಲು ನಾಚಿಕೆಯಾಗುವುದಿಲ್ಲವೇ ಎಂದು ನಾನು ರೇಗಿದೆ. ಸಂಗಪ್ಪ ನಗುತ್ತ, "ಅವರು ಮ್ಯಾಲ ಅದಾರಲ್ರಿ, ಇದು ಕೆಳಗ ಐತಿ" ಎಂದು ಮತ್ತೆ ಕುಣಿಗೆ ಇಳಿದ. ನನ್ನ ಇಡೀ ನೌಕರಿಯ ಸೋಲು "ಅಂಜದ ನರಿ" ಎಂಬ ಅವನ ಆ ಒಂದು ಮಾತಿನಲ್ಲಿದೆ. ಯಾವುದನ್ನು ಶಾಂತಾಬಾಯಿ ರೋಗದ ಗುರುತು ಎಂದು ನನಗೆ ಕಲಿಸಿದ್ದರೋ, ಅದನ್ನೇ ಅವನು ದೇವರ ಗುರುತು ಎಂದುಕೊಂಡಿದ್ದ.

ಆ ನರಿ ಅದೇ ದಿನ ಸಂಜೆಯೊಳಗೆ ಕ್ವಾರಿಯಲ್ಲಿ ಸತ್ತು ಬಿತ್ತು. ಅದರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ನರಿಯ ತಲೆಯಲ್ಲಿ ಕೊಂಬು ಇರುತ್ತದೆ, ಅದು ಸಿಕ್ಕರೆ ಅದೃಷ್ಟ ಎಂದು ಇಬ್ಬರು ಕಲ್ಲು ಒಡೆಯುವವರು ಅದರ ತಲೆ ಸೀಳಿ ಕೈಯಾಡಿಸಿದರು. ಅವರ ಕೈಯ ತುಂಬ ಕಲ್ಲಿನ ಗಾಯ. ಸುದ್ದಿ ಗೊತ್ತಾಗಿ ಅವರನ್ನು ಹಿಡಿದು ತರಿಸಿ, ಬೈದು, ಹೆದರಿಸಿ, ಎಲ್ಲ ಸೂಜಿ ಹಾಕಿದೆ. ಅವರೂ, ಮೊದಲು ಬಂದ ಮೂವರೂ ಇಂದಿಗೂ ಗಟ್ಟಿಯಾಗಿದ್ದಾರೆ. ಈ ಸೂಜಿ ಹೊತ್ತಿಗೆ ಸರಿಯಾಗಿ ಬಿದ್ದರೆ ಕೈ ಬಿಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಬದುಕಿದವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಏನೂ ಆಗಲಿಲ್ಲ ಎಂದುಬಿಡುತ್ತಾರೆ.

ಸಂಗಪ್ಪನ ಮನೆಗೆ ನಾನು ಮತ್ತೆ ಮತ್ತೆ ಹೋದೆ. ಡಾಕ್ಟರೂ ಒಮ್ಮೆ ಜೊತೆಗೆ ಬಂದು ತಿಳಿಸಿ ಹೇಳಿದರು. ಸೀರೆ ಮುಗಿಯಲಿ ಎಂದ. ಸೀರೆ ಮುಗಿದ ಮೇಲೆ, ಗಾಯವೇ ಮಾಯ್ದು ಹೋಗಿದೆ, ಇನ್ನೇಕೆ ಎಂದ. ಆಮೇಲಾಮೇಲೆ ನಾನು ಓಣಿಯ ತುದಿಯಲ್ಲಿ ಕಂಡರೆ ಮಗ್ಗದ ಸದ್ದು ನಿಲ್ಲುತ್ತಿತ್ತು, ಗಿರಿಜವ್ವ ಹೊರಬಂದು "ಮನ್ಯಾಗ ಇಲ್ರಿ" ಎನ್ನುತ್ತಿದ್ದಳು. ಒಳಗೆ ಕುಣಿಯಲ್ಲಿ ಅವನು ಉಸಿರು ಬಿಗಿಹಿಡಿದು ಕೂತಿರುವುದು ನನಗೂ ಗೊತ್ತು, ಅವಳಿಗೂ ಗೊತ್ತು. ಬೇಡ ಎನ್ನುವವನ ತೋಳು ಹಿಡಿದು ಚುಚ್ಚಲು ಯಾರಿಂದಲೂ ಆಗುವುದಿಲ್ಲ. ನಾನು ಸೋತೆ, ಅವನ ಮನೆಗೆ ಹೋಗುವುದನ್ನು ಬಿಟ್ಟೆ.

ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನೇ ನಡೆದುಕೊಂಡು ಬಂದ. ಸಾಲಿನಲ್ಲಿ ನಿಂತ, ಸರದಿ ಬಂದಾಗ ತಾನೇ ಅಂಗಿಯ ತೋಳು ಮೇಲೇರಿಸಿದ.

"ಅಕ್ಕಾರ, ಮಾಯ್ದ ಜಾಗದಾಗ ಇರವಿ ಹರದಾಡಿದಂಗ ಆಗಾಕತ್ತೈತ್ರಿ. ನಿಮ್ಮ ಸೂಜಿ ಹಾಕಿಬಿಡ್ರಿ, ನಿಮ್ಮ ಸಮಾಧಾನಕ್ಕರ ಆಗ್ಲಿ."

ಮಾಯ್ದ ಗಾಯ ಹಾಗೆ ಜುಮುಗುಡುವುದು ಈ ರೋಗದ ಮೊದಲ ಗುರುತೂ ಆಗಿರಬಹುದು. ಡಾಕ್ಟರನ್ನು ಕರೆದೆ. ನರದ ನೋವೂ ಇರಬಹುದು, ಖಚಿತವಾಗಿ ಹೇಳಲಾಗುವುದಿಲ್ಲ, ಕೊಡಿ ಎಂದರು. ಕೊಡಬೇಕಾದದ್ದೇ ಸರಿ, ಇಂದಿಗೂ ಸರಿ ಎನ್ನುತ್ತೇನೆ. ಕೊಟ್ಟು, ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂರಿ ಎಂದೆ. ಕೂತ. ಮೇಲೆ ಫ್ಯಾನ್ ತಿರುಗುತ್ತಿತ್ತು. ಅವನು ಮುಖ ಕಿವುಚಿ, ಟವಲ್ ಸುತ್ತಿಕೊಂಡು ಗೋಡೆಗೆ ಮುಖ ಮಾಡಿದ.

"ಫ್ಯಾನ್ ಬಂದ್ ಮಾಡ್ರಿ ಅಕ್ಕಾರ. ಗಾಳಿ ತಡಕೊಳ್ಳಾಕ ಆಗವಲ್ದು."

ಈ ಕೆಲಸಕ್ಕೆ ಸೇರುವವರು ಈ ಮಾತನ್ನು ನೆನಪಿಡಿ. ಈ ರೋಗ ಏರಿದವರು ನೀರು ಕಂಡರೆ ಹೆದರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು, ಗಾಳಿಗೂ ಹೆದರುತ್ತಾರೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದು ಶುರುವಾದ ಮೇಲೆ ಜಗತ್ತಿನ ಯಾವ ಡಾಕ್ಟರ ಕೈಯಲ್ಲೂ ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ. ನಾನು ಫ್ಯಾನ್ ಬಂದ್ ಮಾಡಿ ಅವನ ಪಕ್ಕದಲ್ಲಿ ಕೂತೆ. ಸೆರಗಿಗೆ ಈ ಸಲ ಹೊಸ ಬಣ್ಣ ಹಾಕಿದ್ದೇನೆ, ನಿಮಗೊಂದು ಎತ್ತಿಡುತ್ತೇನೆ ಎಂದ. ಇಡ್ರಿ ಎಂದೆ. ಗಾಡಿ ಬಂತು, ಬಾಗಲಕೋಟೆಗೆ ಕಳಿಸಿದೆವು. ಅಲ್ಲಿಂದ ಅವನು ಜೀವಂತ ಮರಳಲಿಲ್ಲ.

ಓಣಿಯ ಜನ ಕಣ್ಣಾರೆ ಕಂಡದ್ದಿಷ್ಟು. ನರಿ ಮುಟ್ಟಿದ ಮೇಲೆ ಸಂಗಪ್ಪ ತಿಂಗಳು ಆರಾಮಾಗಿದ್ದ, ಮದುವೆಯ ಸೀರೆ ಮುಗಿಸಿದ, ಇನ್ನೊಂದು ಹೂಡಿದ. ಸೂಜಿ ಕೋಣೆಗೆ ತನ್ನ ಕಾಲ ಮೇಲೆ ನಡೆದು ಹೋದ, ಹೊರಗೆ ಸ್ಟ್ರೆಚರಿನ ಮೇಲೆ ಬಂದ. ಇದರಿಂದ ಯಾರಾದರೂ ಏನು ತಿಳಿಯುತ್ತಾರೆ? ಅವರೂ ಅದನ್ನೇ ತಿಳಿದರು. ಲಕ್ಷ್ಮಿಯ ಮೇಲೆ ಔಷಧ ಹಾಕಿದ್ದಕ್ಕೆ ಹೀಗಾಯಿತು ಎಂದು ಕೆಲವರು, ಸಿಸ್ಟರ ಸೂಜಿ ನಂಜಾಯಿತು ಎಂದು ಕೆಲವರು. ಆಮೇಲೆ ಆ ಓಣಿಯಿಂದ ನನ್ನ ಕೋಣೆಗೆ ಬರುವವರು ನಿಂತೇ ಹೋದರು. ನಾಯಿ ಕಚ್ಚಿದರೆ ದಾರ ಮಂತ್ರಿಸಿ ಕಟ್ಟಿಸಿಕೊಂಡರು. ನಾನು ಮನೆಮನೆಗೆ ಹೋದೆ, ಬದುಕಿದ ಐವರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದೆ. ಅವರಿಗೆ ಕಚ್ಚಿದ್ದು ಬೇರೆ ಎಂದರು. ಸಂಗಪ್ಪನ ಹೆಂಡತಿಯೇ ಸೂಜಿಯಿಂದ ಎನ್ನುತ್ತಾಳೆ, ನಿಮ್ಮದೇನು ಎಂದರು. ನಾನು ಒಂದು ಜೀವ ಉಳಿಸಲು ಬೆನ್ನು ಹತ್ತಿದೆ, ಅದು ಉಳಿಯಲಿಲ್ಲ, ಬೆನ್ನು ಹತ್ತಿದ್ದಕ್ಕೇ ಇನ್ನೆಷ್ಟೋ ಜೀವಗಳು ನನ್ನ ಕೈ ತಪ್ಪಿದವು. ಇದನ್ನು ನೆನೆದು ಹಲವು ಸಲ ಅತ್ತಿದ್ದೇನೆ.

ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮುಂಚೆ ಗಿರಿಜವ್ವ ಬಂದಳು. ಮಧ್ಯಾಹ್ನ, ಸಾಲು ಮುಗಿದಿತ್ತು. ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಕ್ಕಾರ, ಖರೇನ ಹೇಳ್ರಿ. ಅವರು ಸೂಜಿಯಿಂದ ಹೋದ್ರೋ, ನರಿಯಿಂದ ಹೋದ್ರೋ?"

"ನರಿಯಿಂದ, ಯವ್ವಾ. ಸೂಜಿ ಬರೂದು ತಡಾ ಆತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ದಿನಾ ಮುಂಜಾನೆ ಹಿತ್ತಲದಾಗ ರೊಟ್ಟಿ ಇಡ್ತಿದ್ದೆನ್ರಿ. ಬಂದು ತಿಂದು ಹೋಗ್ಲಿ, ಮುಖ ಕಂಡ್ರ ಸಾಕು ಅಂತ. ನಾ ಇಟ್ಟ ರೊಟ್ಟೀಗೆ ಅವು ಮನೀ ದಾರಿ ಕಲತುವು."

"ನಿನಗ ಹೆಂಗ ಗೊತ್ತಾಗಬೇಕಿತ್ತವ್ವಾ. ಊರ ಮಂದಿ ಎಲ್ಲಾ ಹಂಗ ಮಾಡ್ತಾರ" ಎಂದೆ. ಅವಳನ್ನು ಒಳಗೆ ಕರೆದು ಕೂರಿಸಿ, ಓಣಿಯವರಿಗೆ ಈ ಮಾತು ನೀನೇ ಹೇಳು, ನಿನ್ನ ಮಾತನ್ನಾದರೂ ಕೇಳುತ್ತಾರೆ, ಇನ್ನೊಬ್ಬಳಿಗೆ ಈ ಗತಿ ಬೇಡ ಎಂದು ಕೈ ಹಿಡಿದು ಬೇಡಿಕೊಂಡೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನರಿ ಅಂತ ಆದ್ರ ನಾ ಹೆಂಗ ಬದುಕಲ್ರಿ ಅಕ್ಕಾರ? ಸೂಜಿ ಅಂತನ ಇರ್ಲಿ ಬಿಡ್ರಿ."

ಈ ಮಾತಿಗೆ ಉತ್ತರ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ನಮ್ಮ ಮನೆಗೆ ಬಂದು ಹೇಳಿ, ಚಹಾ ಮಾಡುತ್ತೇನೆ.

ಇಳಕಲ್ಲಿನಲ್ಲೇ ಉಳಿದಿದ್ದೇನೆ. ಮಾರ್ಕೆಟ್ಟಿಗೆ ಹತ್ತಿರದ ದಾರಿ ಆ ಓಣಿಯ ಮೇಲೇ ಇದೆ. ನಾನು ಬರುವುದು ಕಂಡರೆ ಕಟ್ಟೆಯ ಮೇಲಿನ ಹೆಂಗಸರು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಒಂದೆರಡು ಮನೆಯ ಹಿತ್ತಲಲ್ಲಿ ಈಗಲೂ ರೊಟ್ಟಿ ಇಡುತ್ತಾರೆಂದು ಕೇಳಿದ್ದೇನೆ. ಇಡೀ ಓಣಿಯಲ್ಲಿ ನನ್ನನ್ನು ಮಾತಾಡಿಸುವವಳು ಗಿರಿಜವ್ವ ಒಬ್ಬಳೇ. ಮುಚ್ಚಿದ ಕುಣಿಯ ಮೇಲೆ ಚಾಪೆ ಹಾಸಿ, ಬೇರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಿರುತ್ತಾಳೆ. ನನ್ನನ್ನು ಕಂಡ ಕೂಡಲೇ ಹೊಸ್ತಿಲಿಗೆ ಬಂದು, ಎಲ್ಲರಿಗೂ ಕೇಳುವಂತೆ, "ಊಟಾತೇನ್ರಿ ಅಕ್ಕಾರ?" ಎನ್ನುತ್ತಾಳೆ. ಆತವ್ವಾ ಎನ್ನುತ್ತೇನೆ, ನಿಲ್ಲುವುದಿಲ್ಲ.